ನಾಲ್ಕನೆಯ ಬದಿ

ಉದ್ಯಾನ ಕಚೇರಿಯಲ್ಲಿ ಟೇಪಣ್ಣ ಅಳೆದನೆಂದರೆ ಮುಗಿಯಿತು, ಅದರ ಮೇಲೆ ಇನ್ನೊಬ್ಬರು ಟೇಪು ಹಿಡಿಯುವಂತಿರಲಿಲ್ಲ. ಇಪ್ಪತ್ತಾರು ವರ್ಷ ಊರಿನ ಪಾರ್ಕುಗಳನ್ನೆಲ್ಲ ಅಳೆದೂ ಅಳೆದೂ ಆ ಹೆಸರು ಅವನಿಗೆ ಅಂಟಿಕೊಂಡಿತ್ತು. ಮನೆಯಲ್ಲಿ ಗೋಡೆಗೆ ಕ್ಯಾಲೆಂಡರ್ ನೇತುಹಾಕಬೇಕಾದರೂ ಮಟ್ಟ ನೋಡಲು ರಸಮಟ್ಟ ಹುಡುಕುವ ಆಸಾಮಿ. “ನಿಮ್ಮನ್ನ ಕಟ್ಟಿಕೊಂಡ ಮೇಲೆ ಸೊಟ್ಟಗೆ ನಗೋದಕ್ಕೂ ಹೆದರಿಕೆ ಕಣ್ರೀ ನಂಗೆ” ಎಂದು ಹೆಂಡತಿ ರೇಗಿಸುತ್ತಿದ್ದಳು. ಆಕೆ ತೀರಿಕೊಂಡು ಎಂಟು ತಿಂಗಳಾಗಿತ್ತು. ಕ್ಯಾಲೆಂಡರ್ ಈಗ ಸೊಟ್ಟಗೇ ತೂಗುತ್ತಿತ್ತು, ಅದರಲ್ಲಿದ್ದ ತಿಂಗಳೂ ಹಳೆಯದೇ.

ಸೋಮವಾರ ಬೆಳಿಗ್ಗೆ ಮೇಲಧಿಕಾರಿ ಮೇಡಂ ತಾವೇ ಎದ್ದು ಬಂದು ಅವನ ಮೇಜಿನ ಮೇಲೆ ಒಂದು ಫೈಲು ಇಟ್ಟರು.

“ದೊಡ್ಡ ಪಾರ್ಕುಗಳಲ್ಲೆಲ್ಲ ನಾಯಿಗಳನ್ನ ಹಗ್ಗ ಬಿಚ್ಚಿ ಬಿಡೋದಕ್ಕೆ ಬೇಲಿ ಹಾಕಿ ಒಂದು ಜಾಗ ಮಾಡ್ಬೇಕು ಅಂತ ಆದೇಶ ಬಂದಿದೆ. ಆದ್ರೆ ಜನ ನಕ್ಷೆ ಸಮೇತ ಅರ್ಜಿ ಕೊಟ್ಟಿದ್ರೆ ಮಾತ್ರ. ನಮ್ಮ ಹಳೇ ಪಾರ್ಕಿಗೆ ಬಂದಿರೋದು ಒಂದೇ ಅರ್ಜಿ, ಅದೂ ಎರಡು ಸಲ ವಾಪಸ್ ಹೋಗಿದೆ. ಶುಕ್ರವಾರ ಸಮಿತಿ ಸಭೆ. ಅರ್ಜಿ ನಿಲ್ಲದಿದ್ರೆ ಅದ್ರಲ್ಲಿ ಕೇಳಿರೋ ಮೂಲೇನ ಗಾಡಿ ನಿಲ್ಲಿಸೋದಕ್ಕೆ ಕೊಟ್ಬಿಡ್ತಾರೆ.” ಸ್ವಲ್ಪ ತಡೆದು, “ನಿಮಗೆ ಬೇಡ ಅನ್ಸಿದ್ರೆ ಬೇರೆಯವರಿಗೆ ಕೊಡ್ತೀನಿ, ಟೇಪಣ್ಣ” ಎಂದರು.

ಅಷ್ಟು ಹೊತ್ತಿಗೆ ಅದು ಯಾರ ಅರ್ಜಿಯೆಂದು ಅವನಿಗೂ ಹೊಳೆದಿತ್ತು. “ಇಲ್ಲ ಮೇಡಂ, ನಾನೇ ನೋಡ್ತೀನಿ” ಎಂದ.

ಫೈಲು ಬಿಚ್ಚಿದರೆ ಹೆಂಡತಿಯದೇ ಅಕ್ಷರ. ಸಾಮಾನಿನ ಚೀಟಿ ಬರೆಯುತ್ತಿದ್ದಳಲ್ಲ, ಅದೇ ಗುಂಡು ಗುಂಡು ಅಕ್ಷರ. ಗೆರೆಯ ಹಾಳೆಯಲ್ಲಿ ಒಂದು ಚೌಕ, ಪ್ರತಿ ಬದಿಗೂ ಇಷ್ಟು ಹೆಜ್ಜೆ ಎಂದು ಒಂದೊಂದು ಸಂಖ್ಯೆ. ಕೆಳಗೆ ಕೆಂಪು ಶಾಯಿಯಲ್ಲಿ ಅವನ ಕೈಬರಹ: ‘ಅಳತೆ ತಾಳೆಯಾಗುತ್ತಿಲ್ಲ. ಹಿಂತಿರುಗಿಸಿದೆ.’ ಎರಡನೆಯ ಹಾಳೆಯಲ್ಲೂ ಅದೇ ಚೌಕ, ಅದೇ ಕೆಂಪು ಸಾಲು, ಅದೇ ರುಜು.

ಅದು ನಡೆದದ್ದು ಹೀಗೆ. ಒಂದೂವರೆ ವರ್ಷದ ಹಿಂದೆ, ಪಾರ್ಕಿನ ಹಿಂದಿನ ಮೂಲೆಯಲ್ಲಿ ನಾಯಿ ಬಿಡುವ ಜಾಗ ಬೇಕೆಂದು ಅವಳಿಗೆ ಹುಕಿ ಬಂತು. ಮನೆಯಲ್ಲಿ ಕಂದು ಬಣ್ಣದ ಒಂದು ನಾಯಿ ಇತ್ತು. ನಡೆಯುತ್ತ ನಡೆಯುತ್ತ ಮನಸ್ಸು ಬಂದಲ್ಲಿ ಕೂತು ಎಲ್ಲರನ್ನೂ ಕಾಯಿಸುವ ಅದರ ದರ್ಬಾರು ನೋಡಿ ಅವಳೇ ಅದಕ್ಕೆ ಸಾಹೇಬರು ಎಂದು ಹೆಸರಿಟ್ಟಿದ್ದಳು. ಅಳತೆ ಮಾಡಿಕೊಡಿ ಎಂದು ಗಂಡನನ್ನು ಕೇಳಿದಳು. ಅವನು ಒಪ್ಪಲಿಲ್ಲ. ಮನೆಯವಳ ಅರ್ಜಿಗೆ ತಾನೇ ಅಳೆದುಕೊಟ್ಟರೆ ನಾಳೆ ಕಚೇರಿಯಲ್ಲಿ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ ಎಂದ. ಹೆಜ್ಜೆ ಲೆಕ್ಕದಲ್ಲಿ ಕೊಟ್ಟರೂ ನಡೆಯುತ್ತದೆ ಎಂದು ಅರ್ಜಿ ನಮೂನೆಯಲ್ಲೇ ಇತ್ತು. ಸರಿ, ಅವಳು ಸಾಹೇಬರನ್ನು ಹಿಡಿದುಕೊಂಡು ಹೋಗಿ ನಾಲ್ಕು ಬದಿಯನ್ನೂ ನಡೆದು ಎಣಿಸಿ ಬಂದಳು. ನೂರಹನ್ನೆರಡು, ನೂರಹದಿನೆಂಟು, ನೂರಮೂವತ್ತೊಂದು, ನೂರನಲವತ್ತೊಂಬತ್ತು.

ಆ ಜಾಗ ಅಚ್ಚುಕಟ್ಟಾದ ಚೌಕ, ಬದಿಗೆ ಎಂಬತ್ತು ಮೀಟರು, ನೆಲ ಅಂಗೈಯಷ್ಟು ಮಟ್ಟಸ. ಪಾರ್ಕಿನ ಹಳೆಯ ನಕ್ಷೆ ಬರೆದವನೇ ಟೇಪಣ್ಣ. ಆ ರಾತ್ರಿ ಊಟದ ಹೊತ್ತಿಗೆ ಅವನಿಗೆ ನಗು ತಡೆಯಲಾಗಲಿಲ್ಲ.

“ಏನೇ ಇದು, ಚೌಕದ ನಾಲ್ಕು ಬದಿ ನಾಲ್ಕು ಥರ! ಸಾಹೇಬರನ್ನ ಕೇಳಿದ್ರೂ ಇದಕ್ಕಿಂತ ಚೆನ್ನಾಗಿ ಎಣಿಸ್ತಿದ್ರು.”

“ನಾನು ಎಣಿಸಿದ್ದನ್ನೇ ಬರೆದಿದೀನಿ ಕಣ್ರೀ.”

“ದಾರೀಲಿ ಸಿಕ್ಕಿದೋರ ಹತ್ರ ಎಲ್ಲ ಹರಟೆ ಹೊಡೀತಾ ಎಣಿಸಿರ್ತೀಯ.”

“ಹೂಂ, ಇದ್ರೂ ಇರಬಹುದು” ಎಂದು ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಾಲ್ಕು ತಿಂಗಳು ಬಿಟ್ಟು ಮತ್ತೆ ಅರ್ಜಿ ಹಾಕಿದಳು. ಈ ಸಲ ನೂರಹದಿನೆಂಟು, ನೂರಮೂವತ್ತು, ನೂರೈವತ್ತೆರಡು, ನೂರೆಪ್ಪತ್ತೊಂದು. ಅವನು ಮತ್ತೆ ಕೆಂಪು ಶಾಯಿ ಎಳೆದ. ಸ್ವಂತ ಹೆಂಡತಿಯೆಂದೂ ನೋಡಲಿಲ್ಲ ನೋಡಿ ಎಂದು ಕಚೇರಿಯಲ್ಲಿ ನಾಲ್ಕು ಜನ ಹೊಗಳಿದಾಗ ಉಬ್ಬಿಯೂ ಹೋದ. ಹೊಗಳಿಕೆಗೆ ಉಬ್ಬುವುದರಲ್ಲಿ ಅಳತೆಗಾರರೂ ಅಳತೆ ಮೀರುತ್ತಾರೆ.

ಅದಾಗಿ ಆರು ತಿಂಗಳಿಗೆ ಒಂದು ಬೆಳಿಗ್ಗೆ ಒಗೆದ ಬಟ್ಟೆಯ ಬಕೆಟ್ಟು ಹಿಡಿದುಕೊಂಡೇ ಅವಳು ಕುಸಿದಳು. ಆಸ್ಪತ್ರೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. “ಹೃದಯ ಬಹಳ ದಿನದಿಂದ ಸೋತಿದೆ. ನಡೆದಾಡುವಾಗ ಏದುಸಿರು ಬರ್ತಿರಲಿಲ್ವಾ?” ಎಂದು ಡಾಕ್ಟರು ಕೇಳಿದರು. “ಇಲ್ಲ. ದಿನಾ ನಾಯಿ ಕರ್ಕೊಂಡು ಒಂದು ಗಂಟೆ ನಡೀತಿದ್ಲು” ಎಂದು ಟೇಪಣ್ಣ ಖಡಾಖಂಡಿತವಾಗಿ ಹೇಳಿದ್ದ.

ಈಗ ಅವನಿಗಿದ್ದುದು ಒಂದೇ ಹಟ. ಬದುಕಿದ್ದಾಗ ಕೊಡದ ಜಾಗವನ್ನು ಈಗಲಾದರೂ ಕೊಡಿಸಬೇಕು. ಅವಳ ಒಂದು ಹೆಜ್ಜೆ ಎಷ್ಟುದ್ದ ಎಂದು ಗೊತ್ತಾದರೆ ಲೆಕ್ಕ ಎಲ್ಲಿ ತಪ್ಪಿದೆಯೆಂದು ತೋರಿಸಿ ಸರಿಪಡಿಸಬಹುದು. ಪೆನ್ಸಿಲು ತೆಗೆದು ಎಂಬತ್ತು ಮೀಟರನ್ನು ಅವಳ ಸಂಖ್ಯೆಗಳಿಂದ ಭಾಗಿಸತೊಡಗಿದ. ಮೊದಲ ನಕ್ಷೆಯ ಮೊದಲ ಬದಿಯಲ್ಲಿ ಹೆಜ್ಜೆಗೆ ಎಪ್ಪತ್ತೊಂದು ಸೆಂಟಿಮೀಟರು. ಆಮೇಲೆ ಅರವತ್ತೆಂಟು. ಅರವತ್ತೊಂದು. ಐವತ್ತನಾಲ್ಕು. ಎರಡನೆಯ ನಕ್ಷೆ ಶುರುವಾಗುವುದೇ ಅರವತ್ತೆಂಟರಿಂದ, ಅದರ ಕೊನೆಯ ಬದಿಗೆ ಬಂದಾಗ ನಲವತ್ತೇಳು.

ಅವನ ಪೆನ್ಸಿಲು ನಿಂತಿತು. ಹರಟೆ ಹೊಡೆದು ತಪ್ಪಿದ ಎಣಿಕೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರಬೇಕು. ಇಪ್ಪತ್ತಾರು ವರ್ಷದಲ್ಲಿ ಎಷ್ಟು ತಪ್ಪು ನೋಡಿಲ್ಲ ಅವನು! ಈ ಎಣಿಕೆ ಬದಿಯಿಂದ ಬದಿಗೆ ಏರುತ್ತಲೇ ಹೋಗಿತ್ತು.

ಎದ್ದು ಕಚೇರಿಯ ಪಡಸಾಲೆಗೆ ಹೋದ. ಸೀಮೆಸುಣ್ಣದಲ್ಲಿ ನಲವತ್ತೇಳು ಸೆಂಟಿಮೀಟರಿಗೊಂದರಂತೆ ನೆಲದ ಮೇಲೆ ಗೆರೆ ಎಳೆದು, ಗೆರೆಯಿಂದ ಗೆರೆಗೆ ಕಾಲಿಟ್ಟು ನಡೆದು ನೋಡಿದ. ಒಂದು ಪಾದ, ಅದರ ಮುಂದೆ ಇನ್ನೊಂದು ಪಾದದಷ್ಟೇ ಜಾಗ. ಕಾಲು ಎತ್ತುವುದಲ್ಲ, ಎಳೆಯುವುದು.

“ಏನ್ ಟೇಪಣ್ಣ, ಸೊಂಟ ಹಿಡ್ಕೊಂಡಿದ್ಯಾ?” ಎಂದು ಎದುರಿಗೆ ಬಂದ ಗುಮಾಸ್ತ ನಕ್ಕ.

ಟೇಪಣ್ಣ ಕೊನೆಯ ಗೆರೆಯ ಮೇಲೆ ನಿಂತಿದ್ದ. ಅವಳು ತಪ್ಪು ಎಣಿಸಿರಲಿಲ್ಲ. ನಾಲ್ಕನೆಯ ಬದಿ ಅವಳಿಗೆ ನಿಜವಾಗಿಯೂ ಅಷ್ಟು ಉದ್ದವಿತ್ತು.

ಮೇಜಿಗೆ ಮರಳಿ ಅರ್ಜಿಯನ್ನು ಮತ್ತೊಮ್ಮೆ ಓದಿದ. ‘ಕಾರಣ’ ಎಂಬಲ್ಲಿ ಅವಳು ಎರಡು ಸಾಲು ಬರೆದಿದ್ದಳು: ‘ನಾಯಿಗೆ ಓಡಲು ಜಾಗ ಬೇಕು. ಕರೆತಂದವರಿಗೆ ಕೂರಲು ಜಾಗ ಬೇಕು.’ ಎರಡನೆಯ ಸಾಲಿನ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ‘ಅಪ್ರಸ್ತುತ’ ಎಂಬ ಟಿಪ್ಪಣಿ. ಅದೂ ಅವನದೇ. ಹಗ್ಗ ಬಿಚ್ಚಿದರೆ ನಾಯಿ ತನ್ನಷ್ಟಕ್ಕೆ ಓಡಿಕೊಂಡಿರುತ್ತದೆ, ಅದರ ಹಿಂದೆ ಅವಳು ಕಾಲೆಳೆಯಬೇಕಿರಲಿಲ್ಲ. ಅವಳು ಕೇಳಿದ್ದು ಇಷ್ಟೇ. ಟೇಪಣ್ಣ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಬಿಕ್ಕಿ ಬಿಕ್ಕಿ ಅತ್ತ.

ಬುಧವಾರ ಸಂಜೆ ನಾದಿನಿ ಬಂದಳು. ಅಕ್ಕ ಹೋದ ಮೇಲೆ ವಾರಕ್ಕೊಮ್ಮೆ ಬಂದು ಭಾವನ ಮನೆ ಒಂದು ಸುತ್ತು ನೋಡಿಕೊಂಡು ಹೋಗುವುದು ಅವಳ ರೂಢಿ.

“ನಿಮ್ಮಕ್ಕನಿಗೆ ಉಸಿರು ಕಟ್ತಿತ್ತಾ?” ಎಂದು ಅವನು ನೇರವಾಗಿ ಕೇಳಿದ.

ಅವಳು ಮಡಿಸುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. “ಒಂದ್ಸಲ ಮೆಟ್ಟಿಲ ಮೇಲೆ ನಿಂತುಬಿಟ್ಟಿದ್ಲು ಭಾವ. ಏನೇ ಅಂದೆ. ವಯಸ್ಸಾಯ್ತು ಕಣೇ ಅಂದ್ಲು. ಭಾವಂಗೆ ಹೇಳಿದ್ಯಾ ಅಂತ ಕೇಳ್ದೆ.”

“ಏನಂದ್ಲು?”

“ಬೇಜಾರು ಮಾಡ್ಕೋಬೇಡಿ. ತಮಾಷೆಗೆ ಅಂದಿದ್ದು. ‘ಹೇಳಿದ್ರೆ ನಿನ್ನ ಎಣಿಕೇನೇ ತಪ್ಪು ಅಂತಾರೆ ಕಣೇ’ ಅಂತ ನಕ್ಕಳು.” ಅವಳ ಕಣ್ಣು ತುಂಬಿತು. “ನಾನಾದ್ರೂ ಹೇಳ್ಬೇಕಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಇದ್ಬಿಟ್ಟೆ.”

ನಾಯಿ ಒಬ್ಬರಿಂದ ಒಬ್ಬರ ಹತ್ತಿರ ಹೋಗಿ ಮೂಸಿ ಬಂತು.

ಮಾರನೆಯ ಬೆಳಿಗ್ಗೆ ಟೇಪು, ಗೂಟ, ಪುಸ್ತಕದ ಜೊತೆ ಸಾಹೇಬರನ್ನೂ ಕರೆದುಕೊಂಡು ಪಾರ್ಕಿಗೆ ಹೋದ. ಎಂಟು ತಿಂಗಳಿಂದ ನಾಯಿಯನ್ನು ಬೀದಿಯ ತುದಿಯವರೆಗೆ ಒಯ್ದು ತಂದದ್ದು ಬಿಟ್ಟರೆ ಇಲ್ಲಿಗೆ ಕರೆತಂದಿರಲಿಲ್ಲ. ಪಾರ್ಕಿನ ಹಿಂಬದಿ ಗೇಟಿನ ಮೂಲೆಯಿಂದ ಶುರುಮಾಡಿದರು. ಮೊದಲ ಬದಿ, ಎರಡನೆಯ ಬದಿ ಸಲೀಸಾಗಿ ಮುಗಿಯಿತು. ಮೂರನೆಯದರಲ್ಲಿ ನಾಯಿ ತಾನಾಗಿಯೇ ನಿಧಾನವಾಯಿತು. ನಾಲ್ಕನೆಯ ಬದಿಯಲ್ಲಿ ಇಪ್ಪತ್ತು ಮೀಟರು ಹೋಗಿ ಕೂತುಬಿಟ್ಟಿತು.

“ಏಳ್ರೋ ಸಾಹೇಬರೇ” ಎಂದು ಹಗ್ಗ ಎಳೆದ. ಜಪ್ಪಯ್ಯ ಎಂದರೂ ಏಳಲಿಲ್ಲ. ಅದು ಅವನ ಕಡೆ ನೋಡುತ್ತಲೂ ಇರಲಿಲ್ಲ. ತನ್ನ ಪಕ್ಕದ ಗಿಡ್ಡ ಕಟ್ಟೆಕಲ್ಲನ್ನು ನೋಡುತ್ತ ಕೂತಿತ್ತು. ಸ್ವಲ್ಪ ಹೊತ್ತಾದ ಮೇಲೆ ತಾನೇ ಎದ್ದು ಹೊರಟಿತು. ಇನ್ನಷ್ಟು ದೂರ ಹೋಗಿ ಒಂದು ಮರದ ಬುಡದಲ್ಲಿ ಮತ್ತೆ ಕೂತಿತು. ಗೇಟು ಇನ್ನೇನು ಮುಟ್ಟಬೇಕು ಎನ್ನುವಾಗ ಮತ್ತೊಮ್ಮೆ.

ತಡವಾಗಿ ಮನೆಗೆ ಬಂದಾಗಲೆಲ್ಲ ಅವಳು ಹೇಳುತ್ತಿದ್ದ ಮಾತು ಅವನಿಗೆ ನೆನಪಾಯಿತು. “ಸಾಹೇಬರು ಕೂತ್ಬಿಟ್ರು ಕಣ್ರೀ, ನಾನೇನ್ ಮಾಡ್ಲಿ?” ಅವನು ನಾಯಿಯನ್ನು ಸೋಮಾರಿ ಎಂದು ಬೈಯುತ್ತಿದ್ದ. ಪಾಪದ ಪ್ರಾಣಿ, ಅವಳ ಆಯಾಸವನ್ನೆಲ್ಲ ತನ್ನ ಹೆಸರಿಗೆ ಹಾಕಿಸಿಕೊಂಡು ಬೈಗುಳ ತಿಂದಿತ್ತು. ಟೇಪಣ್ಣ ಆ ಮೂರೂ ಜಾಗಗಳಲ್ಲಿ ಒಂದೊಂದು ಗೂಟ ಹೊಡೆದ.

ಶುಕ್ರವಾರದ ಸಭೆಯಲ್ಲಿ ಅವನ ನಕ್ಷೆ ಮೇಜಿನ ಮೇಲೆ ಹರಡಿತ್ತು. ಎದೆಯೆತ್ತರದ ಬೇಲಿ, ನಾಯಿ ನುಸುಳಿ ಹೋಗದಂತೆ ಒಂದರ ಹಿಂದೆ ಒಂದು ಎರಡು ಗೇಟು, ಮಕ್ಕಳ ಆಟದ ಜಾಗದಿಂದ ಸಾಕಷ್ಟು ದೂರ, ನೀರಿನ ನಲ್ಲಿ. ಎಲ್ಲ ನಿಯಮದಂತೆಯೇ ಇತ್ತು.

“ಬೆಂಚು ಮೂರೂ ಒಂದೇ ಬದೀಲಿ ಹಾಕಿದೀರಲ್ಲ?” ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. “ಅಲ್ದೇ ಈ ಅರ್ಜಿ ಅಳತೆ ತಪ್ಪು ಅಂತ ನೀವೇ ಎರಡು ಸಲ ಬರೆದಿದೀರಿ. ಬೇರೆ ಯಾರಿಂದಾದ್ರೂ ಹೊಸದು ಬರೆಸಿದ್ರೆ ಆಗ್ತಿತ್ತು.”

“ಬೇಡ ಸಾರ್. ಇದೇ ನಿಲ್ಲಬೇಕು. ನನ್ನ ಟಿಪ್ಪಣಿ ಓದಿ” ಎಂದ ಟೇಪಣ್ಣ.

ಮೇಡಂ ಓದಿದರು. ‘ಅರ್ಜಿದಾರರ ಅಳತೆ ಸರಿಯಿದೆ. ಅವರು ಹೃದಯದ ಕಾಯಿಲೆಯಲ್ಲಿದ್ದರು. ನಡೆದಂತೆಲ್ಲ ಹೆಜ್ಜೆ ಚಿಕ್ಕದಾಗಿದೆ. ನಾಲ್ಕನೆಯ ಬದಿಯಲ್ಲಿ ಅವರು ಮೂರು ಕಡೆ ಕೂತು ಸುಧಾರಿಸಿಕೊಂಡಿದ್ದಾರೆ, ಬೆಂಚುಗಳನ್ನು ಅಲ್ಲಿಯೇ ತೋರಿಸಿದೆ. ಅರ್ಜಿಯನ್ನು ಹಿಂತಿರುಗಿಸಿದ್ದು, ಕಾರಣದ ಎರಡನೆಯ ಸಾಲನ್ನು ಹೊಡೆದುಹಾಕಿದ್ದು ನನ್ನ ತಪ್ಪು. ನಾನು ಅವರ ಗಂಡ.’

ಕೊನೆಯ ಸಾಲಿಗೆ ಬರುವಾಗ ಮೇಡಂ ದನಿ ಇಳಿದುಹೋಗಿತ್ತು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ರುಜು ಹಾಕಿದರು.

ಮೂರು ತಿಂಗಳಿಗೆ ಬೇಲಿ ಎದ್ದಿತು. ತೆರೆದ ದಿನ ಬೆಳಿಗ್ಗೆ ಅಲ್ಲಿ ಹತ್ತು ಹನ್ನೆರಡು ನಾಯಿಗಳು, ಅವುಗಳ ಗದ್ದಲವೇ ಗದ್ದಲ. ಹಗ್ಗ ಬಿಚ್ಚಿದ್ದೇ ತಡ, ಬಿಟ್ಟ ಬಾಣದ ಹಾಗೆ ಓಡುತ್ತಿದ್ದವು. ಟೇಪಣ್ಣನೂ ಬಗ್ಗಿ ಸಾಹೇಬರ ಕೊರಳಿನ ಕೊಕ್ಕೆ ಬಿಚ್ಚಿದ. “ಓಡ್ರೋ, ನಿಮ್ಮಮ್ಮ ಮಾಡಿಸಿದ ಜಾಗ” ಎಂದ.

ಸಾಹೇಬರು ಓಡಲಿಲ್ಲ. ಬೇಲಿಯ ಪಕ್ಕಕ್ಕೆ ಹೋಗಿ ಹಗ್ಗ ಇನ್ನೂ ಕೊರಳಲ್ಲೇ ಇದೆಯೇನೋ ಎಂಬಂತೆ ಒಂದೊಂದೇ ಬದಿಯನ್ನು ನಡೆಯುತ್ತ ಹೊರಟರು. ಟೇಪಣ್ಣ ಹಿಂದೆಯೇ ಹೋದ. ನಾಲ್ಕನೆಯ ಬದಿಯಲ್ಲಿ ನಾಯಿ ತೀರ ನಿಧಾನವಾಯಿತು. ಅದನ್ನು ದಾಟಿ ಹೋಗಬಾರದೆಂದು ಅವನೂ ಹೆಜ್ಜೆ ಚಿಕ್ಕದು ಮಾಡಿದ, ಹಾಗೆಯೇ ಎಣಿಸತೊಡಗಿದ. ಮೊದಲ ಬೆಂಚಿನ ಬಳಿ ಅದು ಕೂತಿತು, ಅವನೂ ಕೂತ. ಎರಡನೆಯದರಲ್ಲಿ ಕೂತರು, ಮೂರನೆಯದರಲ್ಲೂ ಕೂತರು. ಗೇಟು ಮುಟ್ಟಿದಾಗ ನೂರೆಪ್ಪತ್ನಾಲ್ಕು ಹೆಜ್ಜೆಯಾಗಿತ್ತು.

ಅವಳ ನೂರೆಪ್ಪತ್ತೊಂದಕ್ಕಿಂತ ಮೂರು ಹೆಜ್ಜೆ ಹೆಚ್ಚು. ಬೇರೆ ಯಾರ ಲೆಕ್ಕದಲ್ಲೂ ಅವನು ಮೂರು ಹೆಜ್ಜೆ ಬಿಟ್ಟುಕೊಟ್ಟವನಲ್ಲ. “ತಾಳೆ ಆಗುತ್ತೆ ಕಣೇ” ಎಂದು ಜೋರಾಗಿಯೇ ಹೇಳಿದ. ನಾಯಿ ಕಿವಿ ನಿಮಿರಿಸಿ, ಬಾಲ ಆಡಿಸುತ್ತ, ಅವನು ಮಾತಾಡಿಸಿದ್ದು ಯಾರನ್ನೆಂದು ಸುತ್ತಲೂ ಹುಡುಕಿತು.