ಹೊತ್ತು ಮುಳುಗುವ ಮುನ್ನ

ಹಮ್ಮಾದಿಯ ಫೋನಿನಲ್ಲಿ ಸಂಜೆಯ ಮಗ್ರಿಬ್ ಬಾಂಗು ಕೂಗಿದ ಕೂಡಲೇ ಅವನ ತಾಯಿ ಯಾಮ್ನಾ ಬಿಸ್ಮಿಲ್ಲಾ ಎಂದು ಖರ್ಜೂರ ಬಾಯಿಗಿಟ್ಟಳು. ಎದುರು ಕೂತಿದ್ದ ಬುಅಜ್ಜ ಮಾತ್ರ ಕೈ ಚಾಚಲಿಲ್ಲ.

"ಲೋ ಹಮ್ಮಾದಿ, ನಿಂದು ಕೂಗ್ತು, ನಂದು ಇನ್ನೂ ನಾಲ್ಕು ನಿಮಿಷ ಇದೆ ಅಂತಿದೆ. ಯಾವುದನ್ನ ನಂಬೋದು? ಸರಿ ಮಾಡ್ತೀನಿ ಅಂತ ಹೋಗಿ ಕೆಡಿಸಿಟ್ಟಿದೀಯಲ್ಲೋ!"

ಬುಅಜ್ಜ ಚಿಕ್ಕಂದಿನ ಗೆಳೆಯ, ಶಾಲೆಯಲ್ಲಿ ಭೂಗೋಳ ಹೇಳುವವನು. ರಮದಾನಿನ ಶುಕ್ರವಾರಗಳಲ್ಲಿ ಅವನಿಗೆ ಹರೀರಾ ಸಾರು ಈ ಮನೆಯಲ್ಲೇ. ಬೈಗುಳ ಹಮ್ಮಾದಿಗೆ ಹೊಸದಲ್ಲ. ನಮಾಜಿನ ಹೊತ್ತು ತಿಳಿಸುವ ಆ್ಯಪನ್ನು ಬಿಡುವಿನಲ್ಲಿ ಕೂತು ಬರೆದು ಊರಿಗೆಲ್ಲ ಪುಕ್ಕಟೆ ಹಂಚಿದಂದಿನಿಂದ ಕೇಳುತ್ತಲೇ ಇದ್ದ: ಅಕ್ಷರ ಸಣ್ಣದು, ಹಸಿರು ಮಂಕು, ಬಾಂಗಿನವನಿಗೆ ನೆಗಡಿ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕುವ ಜನ. 'ತಪ್ಪು ಕಂಡರೆ ಒಂದು ಸಾಲು ಬರೆಯಿರಿ, ಸೇರಿ ತಿದ್ದೋಣ' ಎಂದು ಮೊದಲ ಪುಟದಲ್ಲೇ ಬೇಡಿಕೊಂಡಿದ್ದ. ಬರೆದವಳು ಒಬ್ಬಳೇ, ಮೆಕ್ನೆಸಿನ ಯಾರೋ ಗುರುತಿಲ್ಲದ ಹುಡುಗಿ, ಅದೂ ಮೊನ್ನೆ. ಖೆಮಿಸ್ಸೆತ್ ಊರಿಗೆ ಫೆಸ್‌ನ ರೇಖಾಂಶ ಕೊಟ್ಟಿದ್ದೀರಿ, ಫೆಸ್ ಪೂರ್ವಕ್ಕಿದೆ, ಅಲ್ಲಿ ಸೂರ್ಯ ಬೇಗ ಮುಳುಗುತ್ತಾನೆ ಎಂದು ತಿದ್ದುಪಡಿಯನ್ನೂ ಬರೆದು ಕಳಿಸಿದ್ದಳು.

ಫೆಸ್‌ನಲ್ಲಿ ಓದುವಾಗ ಬರೆದದ್ದನ್ನು ಖೆಮಿಸ್ಸೆತ್‌ಗೆ ವಾಪಸು ಬಂದ ಮೇಲೆ ಬದಲಿಸಲು ಮರೆತಿದ್ದ. ಅಂದೇ ಸರಿಮಾಡಿ ಎಲ್ಲರಿಗೂ ತಿಳಿಸಿದ. ಆದರೆ ಮಸೀದಿಯ ಬಾಂಗು ಕೇಳಿಸದ ಈ ಹೊಸ ಬಡಾವಣೆಯಲ್ಲಿ ಎರಡು ರಮದಾನಿನ ಉಪವಾಸ ಹೊತ್ತು ಮುಳುಗುವ ಮುನ್ನವೇ ಮುರಿದುಹೋಗಿತ್ತು. ತಾಯಿಗೆ ಎಪ್ಪತ್ತು ದಾಟಿದೆ, ಹೊಟ್ಟೆಯಲ್ಲಿ ಹುಣ್ಣು. ವಿಷಯ ಹೇಳಿದಾಗ, "ಅಷ್ಟನ್ನೂ ಮತ್ತೆ ಹಿಡೀತೀನಿ ಬಿಡು. ನೀನೇನು ಬೇಕಂತ ಮಾಡಿದ್ಯಾ?" ಎಂದಿದ್ದಳು. ಡಾಕ್ಟರು ಬೇಡವೆಂದರೂ ಕೇಳುವವಳಲ್ಲ.

"ಬೇರೆ ಯಾರ ಫೋನಲ್ಲೂ ತಡ ಆಗ್ತಿಲ್ಲ, ಬುಅಜ್ಜ. ಕೊಡು ಇಲ್ಲಿ."

ಹಮ್ಮಾದಿ ಗೆಳೆಯನ ಫೋನಿನ ಸೆಟ್ಟಿಂಗ್ ತೆರೆದ. ಮಗ್ರಿಬ್‌ಗೆ ನಾಲ್ಕು ನಿಮಿಷ ಕೂಡಿಸಿಟ್ಟಿತ್ತು.

"ಇದನ್ನ ಯಾವಾಗ ಹಾಕ್ದೆ?"

"ಅದಾ? ಹೋದ ವರ್ಷದ ಹಿಂದಿನ ರಮದಾನಿಗೆ. ನಿಂದು ಮುಂದೆ ಓಡ್ತಿತ್ತು, ತಾಳೆ ನೋಡಿ ಸರಿಮಾಡ್ಕೊಂಡೆ."

"ನನಗೆ ಹೇಳ್ಲಿಲ್ಲ."

"ಯಾರಾದ್ರೂ ಹೇಳಿರ್ತಾರೆ ಅಂದ್ಕೊಂಡೆ ಕಣೋ. ಬಿಟ್ಟಿ ಕೊಟ್ಟೋನಿಗೆ ತಪ್ಪು ಬೇರೆ ತೋರಿಸ್ಬೇಕಾ? ನಂದು ಸರಿಯಾಯ್ತಲ್ಲ, ಸಾಕು ಅಂತ..."

ಯಾಮ್ನಾ ಖರ್ಜೂರದ ಬೀಜವನ್ನು ಕೈಗೆ ತೆಗೆದುಕೊಂಡಳು.

"ಅದಕ್ಕೇ ನೀನು ಬಾಂಗು ಆದ ಕೂಡ್ಲೇ ಕೈ ತೊಳ್ಕೊಂಡು ಬರ್ತೀನಿ ಅಂತ ಎದ್ದು ಹೋಗ್ತಿದ್ದೆ. ನಾನು, ಎಷ್ಟು ಶುಚಿ ಈ ಹುಡುಗ ಅಂದ್ಕೋತಿದ್ದೆ."

ಬುಅಜ್ಜ ತಲೆ ತಗ್ಗಿಸಿದ. ಹಮ್ಮಾದಿ ಫೋನನ್ನು ಅವನ ಮುಂದೆ ಕುಕ್ಕಿದ. ತಾನು ಗೊತ್ತಿಲ್ಲದೆ ತಪ್ಪು ಮಾಡಿದ್ದ. ಇವನು ಗೊತ್ತಿದ್ದೂ ಮುದುಕಿಗೆ ತಿನ್ನಲು ಬಿಟ್ಟು, ನಲ್ಲಿಯ ಮುಂದೆ ನಿಂತು ತನ್ನ ಉಪವಾಸ ಉಳಿಸಿಕೊಂಡಿದ್ದ. ಎದ್ದು ಹೋಗು ಎನ್ನಲು ಬಾಯಿ ತೆರೆದ.

ಅಷ್ಟರಲ್ಲಿ ಬುಅಜ್ಜನ ಫೋನು ಬಾಂಗು ಕೂಗಿತು. ಯಾಮ್ನಾ ಖರ್ಜೂರದ ತಟ್ಟೆಯನ್ನು ಅವನತ್ತ ಸರಿಸಿದಳು.

"ತಗೋ ಮಗಾ. ನಿನ್ನ ಹೊತ್ತಾಯ್ತು."

ಬಾಂಗು ಮುಗಿದರೂ ಅವನ ಕೈ ತೊಡೆಯ ಮೇಲಿಂದ ಏಳಲಿಲ್ಲ.