ಹಳದಿ ಕಾಗದದ ಪಟ್ಟಿ

ಸುಳ್ಳು ಹೇಳುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ಫುಸಾಯೆ ಬಾಯಿ ಬಿಟ್ಟರೆ ಎದುರಿಗಿದ್ದವರಿಗೆ ಉರಿ ಹತ್ತುತ್ತದೆ ಎಂದು ಅಬುರಾತ್ಸು ಬಂದರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅಂಥವಳ ಬಾಯಿಗೆ ನನ್ನ ಗಂಡ ತೊಶಿಹಾರು ಒಂದು ಸುಳ್ಳು ತುರುಕಿದ. ಅರವತ್ತೊಂದು ವರ್ಷದ ಮೇಲೆ ಊರಿಗೆ ಬರುತ್ತಿದ್ದ ತನ್ನ ಅಕ್ಕನಿಗೆ ಅದನ್ನು ಹೇಳಬೇಕಂತೆ.

ಅಕ್ಕನ ಹೆಸರು ಕಿನುಯೊ. ಹದಿನೆಂಟಕ್ಕೇ ಮದುವೆಯಾಗಿ, ಗಂಡನ ಜೊತೆ ಕೋಬೆಯಲ್ಲಿ ಹಡಗು ಹತ್ತಿ ಬ್ರೆಜಿಲ್ ಸೇರಿದವಳು. ಅಲ್ಲಿ ಕಾಫಿ ತೋಟ, ಐದು ಮಕ್ಕಳು. ವಿಮಾನವೆಂದರೆ ವಿಪರೀತ ಭಯ, ಹಾಗಾಗಿ ಅಪ್ಪ ಅಮ್ಮ ಸತ್ತಾಗಲೂ ಬರಲಿಲ್ಲ. ವರ್ಷಕ್ಕೆ ಎರಡು ಕಾಗದ ಬರುತ್ತಿದ್ದವು, ಅಷ್ಟೆ. ಈಗ ಮೊಮ್ಮಕ್ಕಳೆಲ್ಲ ಸೇರಿ ಅವಳನ್ನು ಲೋಕ ಸುತ್ತುವ ಪ್ರವಾಸದ ಹಡಗಿಗೆ ಹತ್ತಿಸಿದ್ದರು. ಏಪ್ರಿಲ್ ಮೊದಲ ವಾರ ಆ ಹಡಗು ನಮ್ಮ ಬಂದರಿನಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ನಿಲ್ಲುವುದಿತ್ತು.

ಕಾಗದ ಬಂದ ದಿನದಿಂದ ತೊಶಿಹಾರು ಎಳೆಯ ಹುಡುಗನಾಗಿಬಿಟ್ಟ. ಹೊಸ ಅಂಗಿ ಕೊಂಡ. ಬಾಗಿಲಿಗೆ ಬಣ್ಣ ಬಳಿದ. ಮಾರ್ಚಿನಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದವನನ್ನು ಗುಡ್ಡದ ಮೇಲಿನ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು, ಬೇಸಿಗೆಯವರೆಗೆ ಉಳಿಯುತ್ತಾರೆಂದು ಆಸೆ ಇಟ್ಟುಕೊಳ್ಳಬೇಡಿ ಎಂದರು. ಮೂರೇ ವಾರಕ್ಕೆ ಅವನ ಮುಖ ಅಂಗೈಯಗಲ ಆಯಿತು.

"ಅಕ್ಕಂಗೆ ಹೇಳ್ಬೇಡ," ಎಂದ. "ಕತ್ಸುವೊ ಮೀನು ಹಿಡಿಯೋಕೆ ಸಮುದ್ರಕ್ಕೆ ಹೋಗಿದಾನೆ ಅನ್ನು."

"ಎಪ್ಪತ್ತು ವರ್ಷದ ಮುದುಕನ್ನ ಯಾವ ದೋಣಿಯವನು ಹತ್ತಿಸ್ಕೋತಾನೆ?"

"ಅಡುಗೆಯವನು ಕೈ ಕೊಟ್ಟ, ಬಲವಂತ ಮಾಡಿ ಎಳ್ಕೊಂಡು ಹೋದ್ರು ಅನ್ನು."

"ಬಂದರಿನಿಂದ ಇಲ್ಲಿಗೆ ಹತ್ತು ನಿಮಿಷ ಕಣ್ರೀ. ಒಂದು ಸಲ ಮುಖ ನೋಡ್ಲಿ."

"ಈ ಮುಖಾನಾ? ಇಷ್ಟು ವರ್ಷ ಆದ್ಮೇಲೆ ಅವಳಿಗೆ ಏಳು ಗಂಟೆ ಸಿಕ್ಕಿದೆ. ಉಂಡು, ಅಪ್ಪ ಅಮ್ಮಂಗೆ ಊದುಬತ್ತಿ ಹಚ್ಚಿ, ನಗ್ತಾ ಹೋಗ್ಲಿ. ಇಲ್ಲಿಗೆ ಬಂದ್ರೆ ಎರಡು ತಿಂಗಳು ನೀರಿನ ಮೇಲೆ ಅಳ್ತಾ ಕೂತಿರ್ತಾಳೆ."

ನಮ್ಮಲ್ಲಿ ಇದಕ್ಕೆ ಮರ್ಯಾದೆ ಅನ್ನುತ್ತಾರೆ. ನಮ್ಮ ಸಂಕಟದ ಮೂಟೆ ಇನ್ನೊಬ್ಬರ ತಲೆಗೆ ಹೊರಿಸಬಾರದು, ಅದರಲ್ಲೂ ಬಂದ ಅತಿಥಿಗೆ. ನಾನೂ ಇದನ್ನೇ ಉಂಡು ಬೆಳೆದವಳು, ಹೂಂ ಎಂದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಹಡಗು ಬಂದ ದಿನ ಅದು ನಿಲ್ಲುವ ಧಕ್ಕೆಯಲ್ಲಿ ಡೋಲು ಬಾರಿಸುತ್ತಿದ್ದರು. ಸ್ವಾಗತ ಮಂಡಳಿಯ ಯಜಮಾನಿಕೆ ಒಗುರಾನದು. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಅವನಿಗೆ ಅಧಿಕಾರ ಚಲಾಯಿಸಲು ಬೇರೆ ಜಾಗ ಇರಲಿಲ್ಲ. "ಫುಸಾಯೆ, ನಗು! ಅತಿಥಿಗಳು ಹೆದರ್ಕೊಂಡು ವಾಪಸ್ ಹೋದಾರು," ಎಂದು ಕೂಗಿದ. ನಾನು ಇಳಿಯುವವರ ಮುಖಗಳನ್ನು ನೋಡುತ್ತ ಮುಂದೆ ಹೋದೆ.

ಕಿನುಯೊ ಹುಲ್ಲಿನ ಟೋಪಿ ಹಾಕಿಕೊಂಡು ಕೋಲೂರುತ್ತ ಇಳಿದಳು. ಎಪ್ಪತ್ತೊಂಬತ್ತು ವರ್ಷ, ಬಿಸಿಲಲ್ಲಿ ಬೆಂದ ಮುಖ, ನನ್ನ ಗಂಡನದೇ ಮೂಗು. ಬಾಯಿ ತೆರೆದರೆ ನಮ್ಮ ಅಜ್ಜಿಯರ ಕಾಲದ ಮಾತು, ಈಗ ಊರಲ್ಲಿ ಯಾರೂ ಹಾಗೆ ಆಡುವುದಿಲ್ಲ.

"ನನ್ನ ತಮ್ಮನ್ನ ಇಷ್ಟು ವರ್ಷ ಸಹಿಸ್ಕೊಂಡ ಪುಣ್ಯಾತ್‌ಗಿತ್ತಿ ನೀನೇ ಏನೇ?" ಎಂದು ನನ್ನ ಕೈ ಹಿಡಿದಳು. ಕಣ್ಣು ಮಾತ್ರ ನನ್ನ ಬೆನ್ನ ಹಿಂದೆ ಹುಡುಕುತ್ತಿತ್ತು.

ನಾನು ಸುಳ್ಳು ಒಪ್ಪಿಸಿದೆ. ಅಡುಗೆಯವನು ಕೈ ಕೊಟ್ಟದ್ದು, ದೋಣಿಯವರು ಬಲವಂತ ಮಾಡಿದ್ದು, ಇವನು ಹಲ್ಲು ಕಚ್ಚಿಕೊಂಡು ಹೋದದ್ದು, ಒಂದೂ ಬಿಡಲಿಲ್ಲ.

"ಹೌದಾ," ಎಂದಳು. ಆಮೇಲೆ ನಕ್ಕಳು. "ಆಗ್ಲಿ ಬಿಡು. ದೋಣಿ ಅಂದ್ರೆ ಅವನು ಊಟಾನೂ ಬಿಟ್ಟು ಓಡ್ತಿದ್ದ."

ಕಾಲುವೆಯ ದಂಡೆಗುಂಟ ನಿಧಾನವಾಗಿ ನಡೆದೆವು. ಸಕುರಾ ಹೂವು ಉದುರಿ ನೀರೆಲ್ಲ ಬೆಳ್ಳಗಾಗಿತ್ತು. ಇಲ್ಲಿ ಈಜುತ್ತಿದ್ದೆವು, ಇಲ್ಲಿ ಮೀನಿನಂಗಡಿ ಇತ್ತು, ಇಲ್ಲಿ ಅಮ್ಮ ನನಗೆ ಹೊಡೆದಿದ್ದಳು ಎಂದು ಕೋಲಿನಲ್ಲಿ ತೋರಿಸುತ್ತ ಬಂದಳು. ಗುಡ್ಡದ ಕಡೆ ಕೋಲು ಎತ್ತಿ, "ಅದೇನು ಅಷ್ಟು ದೊಡ್ಡ ಬಿಳೀ ಕಟ್ಟಡ?" ಎಂದು ಕೇಳಿದಳು.

"ಆಸ್ಪತ್ರೆ," ಎಂದೆ.

"ಒಳ್ಳೇ ಜಾಗದಲ್ಲಿ ಕಟ್ಟಿದಾರೆ," ಎಂದು ಮುಂದೆ ನಡೆದಳು.

ಮನೆಯಲ್ಲಿ ಹಿರಿಯರ ಪೀಠದ ಮುಂದೆ ಊದುಬತ್ತಿ ಹಚ್ಚಿ ಬಹಳ ಹೊತ್ತು ಕೂತಳು. ಊಟಕ್ಕೆ ಕತ್ಸುವೊ ಸುಟ್ಟು ಹೆಚ್ಚಿ ಇಟ್ಟಿದ್ದೆ, ಸಿಹಿ ಮೊಟ್ಟೆ ದೋಸೆ ಮಡಚಿದ್ದೆ, ಮೀನಿನ ವಡೆ ಕರಿದಿದ್ದೆ. ಅವಳು ಒಂದೊಂದನ್ನೂ ಕಣ್ಣು ಮುಚ್ಚಿ ತಿಂದಳು.

"ತೊಶಿ ಎಲ್ಲಿ ಕೂರ್ತಾನೆ?" ಎಂದು ಕೇಳಿದಳು.

"ಕಿಟಕಿ ಪಕ್ಕ."

ಅವಳು ಆ ಜಾಗವನ್ನು ನೋಡಿದಳು. ಅಲ್ಲಿ ಮಡಚಿಟ್ಟ ಮೆತ್ತೆ ಬಿಟ್ಟರೆ ಏನೂ ಇರಲಿಲ್ಲ. ಮತ್ತೆ ನನ್ನನ್ನು ನೋಡಿ, ಏನೋ ಕೇಳಲು ಹೊರಟವಳು ಅನ್ನವನ್ನು ಬಾಯಿಗಿಟ್ಟುಕೊಂಡಳು. ತಮ್ಮನಿಲ್ಲದ್ದಕ್ಕೆ ಬೇಜಾರು ಎಂದುಕೊಂಡೆ.

ಚಹಾ ಕುಡಿಯುವಾಗ ಕೋಬೆಯ ಮಾತು ತೆಗೆದಳು. ಹಡಗು ಹೊರಡುವಾಗ ಮೇಲಿದ್ದವರು ಬಣ್ಣದ ಕಾಗದದ ಸುರುಳಿ ಎಸೆಯುತ್ತಾರೆ, ದಡದಲ್ಲಿದ್ದ ತಮ್ಮವರು ಅದರ ತುದಿ ಹಿಡಿಯುತ್ತಾರೆ. ಹಡಗು ದೂರ ಹೋಗಿ ಪಟ್ಟಿ ತಾನಾಗಿ ಹರಿಯುವವರೆಗೆ ಎರಡೂ ಕಡೆಯವರು ಬಿಡುವುದಿಲ್ಲ. ಮಗಳನ್ನು ಕಳಿಸಲು ಹೋದ ಮಾವನವರ ಜೊತೆ ತೊಶಿಹಾರುವೂ ಹೋಗಿದ್ದ. ಆಗ ಅವನಿಗೆ ಒಂಬತ್ತು.

"ನಾನು ಹಳದಿ ಪಟ್ಟಿ ಎಸೆದೆ," ಎಂದಳು ಕಿನುಯೊ. "ಅಪ್ಪ ಎತ್ತಿ ಅವನ ಕೈಗೆ ಕೊಟ್ರು. ಅದನ್ನ ನೆಲಕ್ಕೆ ಬಿಸಾಕಿ, ಕೈ ಹಿಂದೆ ಕಟ್ಕೊಂಡು ನಿಂತ ಕಣೇ. ಅಪ್ಪ ಹೊಡೆದ್ರೂ ಹಿಡೀಲಿಲ್ಲ. ಅವನನ್ನ ಬೆನ್ನಿಗೆ ಕಟ್ಕೊಂಡು ಬೆಳೆಸಿದೋಳು ನಾನು. ಬಿಟ್ಟು ಹೋಗ್ತಾ ಇದೀನಿ ಅಂತ ಅಷ್ಟು ಕೋಪ. ಕಾಗದದಲ್ಲಿ ಅದನ್ನ ಕೇಳೋಕೆ ನಂಗೆ ಧೈರ್ಯ ಬರಲಿಲ್ಲ. ಮುಖ ನೋಡ್ಕೊಂಡು ಕೇಳೋಣ ಅಂತಾನೇ ಬಂದೆ."

ಆಗಲೇ ಹೇಳಬೇಕಿತ್ತು. ಚಪ್ಪಲಿ ಮೆಟ್ಟಿಸಿ, ಟ್ಯಾಕ್ಸಿ ಕರೆಸಿ, ಗುಡ್ಡ ಹತ್ತಿಸಬೇಕಿತ್ತು. ಇನ್ನೂ ಎರಡು ಗಂಟೆ ಇತ್ತು. ನಾನು ಇನ್ನೊಂದು ಲೋಟ ಚಹಾ ಬಗ್ಗಿಸಿದೆ.

ಮೂರೂವರೆಗೆ ಹಡಗಿನ ಏಣಿಯ ಹತ್ತಿರ ಬಂದೆವು. ಅಲ್ಲಿಂದ ಮುಂದೆ ಪ್ರವಾಸಿಗಳಿಗೆ ಮಾತ್ರ ಪ್ರವೇಶ. ನಮ್ಮ ನಡುವೆ ಒಂದು ಹಗ್ಗ ಕಟ್ಟಿದ್ದರು.

"ಊಟ ಬಹಳ ಚೆನ್ನಾಗಿತ್ತು, ಫುಸಾಯೆ," ಎಂದಳು ಕಿನುಯೊ. "ಆದ್ರೆ ತೊಶಿಗೆ ತಟ್ಟೆ ಇಟ್ಟಿರಲಿಲ್ಲ ನೀನು."

ಗಂಡಸು ಸಮುದ್ರಕ್ಕೆ ಹೋಗಿದ್ದರೆ ನಮ್ಮ ಮನೆಗಳಲ್ಲಿ ಅವನ ಜಾಗದಲ್ಲಿ ದಿನವೂ ನೆರಳಿನೂಟ ಬಡಿಸುತ್ತೇವೆ. ಬಿಸಿ ಅನ್ನಕ್ಕೆ ಮುಚ್ಚಳ ಹಾಕಿ, ಆಮೇಲೆ ತೆಗೆದು ನೋಡುತ್ತೇವೆ. ಒಳಗೆ ಹನಿ ಕಟ್ಟಿದ್ದರೆ ಅವನು ಕ್ಷೇಮ. ನಲವತ್ತು ವರ್ಷ ಇಟ್ಟಿದ್ದೇನೆ, ಜ್ವರ ಬಂದಾಗಲೂ ತಪ್ಪಿಸಿಲ್ಲ. ಬಾಯಿ ಸುಳ್ಳು ಕಲಿತಿತ್ತು, ಕೈ ಕಲಿತಿರಲಿಲ್ಲ. ಮೀನುಗಾರನ ಮಗಳ ಎದುರು ಇಂಥ ತಪ್ಪು ಮಾಡಿದ್ದೆ.

"ಅವನು ಸಮುದ್ರದಲ್ಲಿಲ್ಲ," ಎಂದಳು. "ಊರಲ್ಲೇ ಎಲ್ಲೋ ಕೂತಿದಾನೆ, ನಾನು ಯಾವಾಗ ತೊಲಗ್ತೀನಿ ಅಂತ. ಇನ್ನೂ ಕೋಪ ಇಳಿದಿಲ್ಲ, ಅಲ್ವಾ? ಇರ್ಲಿ ಬಿಡು. ನಿನ್ನ ಕೈಲಿ ಸುಳ್ಳು ಹೇಳಿಸಿದ್ನಲ್ಲ, ಅದಕ್ಕೆ ಮಾತ್ರ ಅವನ ಕಿವಿ ಹಿಂಡು."

"ಅಕ್ಕ, ಹಾಗಲ್ಲ..." ಎಂದೆ. ಅವನಿಗೆ ಕೊಟ್ಟ ಮಾತು ಅಡ್ಡ ಬಂತು. ಹಿಂದಿನಿಂದ ಜನ ಒತ್ತುತ್ತಿದ್ದರು. ಅವಳು ನನಗೆ ಸೊಂಟ ಬಗ್ಗಿಸಿ ನಮಸ್ಕರಿಸಿ, ತಿರುಗಿ ನೋಡದೆ ಏಣಿ ಹತ್ತಿದಳು.

ಹೊರಡುವ ಹೊತ್ತಿಗೆ ಹಡಗಿನ ಮೇಲಿನ ಕಂಬಿಯ ಹತ್ತಿರ ಹುಲ್ಲಿನ ಟೋಪಿ ಕಂಡಿತು. ಒಗುರಾ ಹಡಗಿನವರಿಗೆಲ್ಲ ಕಾಗದದ ಸುರುಳಿ ಕೊಡಿಸಿದ್ದ. ಅವಳು ಎಸೆದದ್ದು ಹಳದಿಯದು. ನಾನು ಓಡಿಹೋಗಿ ಹಿಡಿದೆ. ಆಗ ನನ್ನ ಬಾಯಿ ತೆರೆಯಿತು.

"ಅಕ್ಕ! ಆಸ್ಪತ್ರೇಲಿದಾರೆ! ಅಲ್ಲಿ, ಮೇಲೆ! ಕಾಯಿಲೆ ಅಕ್ಕ! ಕೋಪ ಅಲ್ಲ!"

ಡೋಲಿನ ಸದ್ದಿನಲ್ಲಿ ನನಗೇ ನನ್ನ ದನಿ ಕೇಳಿಸಲಿಲ್ಲ. ಖಾಲಿ ಕೈಯಿಂದ ಗುಡ್ಡದ ಕಡೆ ತೋರಿಸಿದೆ, ಮತ್ತೆ ಮತ್ತೆ ತೋರಿಸಿದೆ. ನಾನು ಕೈ ಬೀಸುತ್ತಿದ್ದೇನೆ ಎಂದುಕೊಂಡು ಅವಳು ಟೋಪಿ ತೆಗೆದು ಬೀಸಿದಳು. ಪಟ್ಟಿ ಬಿಗಿಯಾಗಿ, ಗಾಳಿಯಲ್ಲಿ ನಡುಗಿ, ಹರಿದುಹೋಯಿತು. "ನೋಡಿ, ಫುಸಾಯೆ ಕೂಡ ಅಳ್ತಾಳೆ," ಎಂದ ಒಗುರಾ ನನ್ನ ಮುಖ ನೋಡಿ ಡೋಲಿನವರ ಕಡೆ ನಡೆದ.

ನೇರ ಆಸ್ಪತ್ರೆಗೆ ಹೋದೆ. ತೊಶಿಹಾರು ದಿಂಬಿಗೊರಗಿ ಕಿಟಕಿ ನೋಡುತ್ತಿದ್ದ. ಅಲ್ಲಿಂದ ಹಡಗಿನ ಹೊಗೆಯ ಕೊಳವೆ ಮಾತ್ರ ಕಾಣಿಸುತ್ತಿತ್ತಂತೆ.

"ನಕ್ಕಳಾ?"

"ನಕ್ಕಳು."

"ನಂಬಿದಳಾ?"

"ಹೂಂ." ಅದು ನನ್ನ ಎರಡನೇ ಸುಳ್ಳು. "ರೀ, ಕೋಬೇಲಿ ಆ ಪಟ್ಟಿ ಯಾಕೆ ಬಿಸಾಕಿದ್ರಿ?"

ಅವನು ನಾಚಿಕೊಂಡ. ಆ ಮುಖದಲ್ಲೂ ನಾಚಿಕೆಗೆ ಜಾಗ ಇತ್ತು.

"ಹೇಳಿದಳಾ? ಪಟ್ಟಿ ಹರಿದ್ರೆ ಹಡಗು ಹೋಯ್ತು ಅಂತ ಯಾರೋ ಅಂದಿದ್ರು. ಹಿಡಿದ್ರೆ ತಾನೇ ಹರಿಯೋದು? ನಾನು ಹಿಡಿಯದಿದ್ರೆ ಅಕ್ಕ ಹೋಗೋಕಾಗಲ್ಲ ಅಂದ್ಕೊಂಡೆ. ಅಪ್ಪನ ಏಟು ತಿಂದ್ರೂ ಹಿಡೀಲಿಲ್ಲ. ಆದ್ರೂ ಹೋಗೇಬಿಡ್ತು." ಮತ್ತೆ ಕಿಟಕಿಯ ಕಡೆ ತಿರುಗಿದ. "ಈ ಸಲ ಧಕ್ಕೇಲಿ ನಿಂತು ಹಿಡೀಬೇಕು, ಆಮೇಲೆ ಅವಳಿಗೆ ಹೇಳಿ ನಗಿಸಬೇಕು ಅಂತಿದ್ದೆ."

"ಹಡಗಿಗೆ ಫೋನ್ ಮಾಡ್ಲಾ?"

"ಬೇಡ. ಕೈ ನಡುಕ ನಿಲ್ಲಲಿ, ನಾನೇ ಬರೀತೀನಿ."

ಕೈ ನಡುಕ ನಿಲ್ಲಲಿಲ್ಲ. ಹನ್ನೊಂದನೇ ದಿನ ಬೆಳಿಗ್ಗೆ ಅವನೇ ಹೊರಟುಹೋದ. ಆ ಹನ್ನೊಂದು ದಿನಗಳಲ್ಲಿ ಯಾವ ದಿನ ಬೇಕಾದರೂ ನಾನು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಅವನು ಬೇಡ ಅಂದಿದ್ದ ಎಂಬ ನೆಪ ನನಗೆ ಸಾಕಾಗಿತ್ತು.

ಅವನ ಬೂದಿಯ ಗಡಿಗೆ ಮನೆಗೆ ತಂದ ಮರುದಿನ ಒಂದು ಕಾಗದ ಬಂತು. ಮುಂದಿನ ಯಾವುದೋ ಬಂದರಿನಲ್ಲಿ ಅಂಚೆಗೆ ಹಾಕಿದ್ದು, ಕಿನುಯೊಳದು, ತೊಶಿಹಾರು ಹೆಸರಿಗೆ. ಪೀಠದ ಮುಂದೆ ಕೂತು ಅವನಿಗೆ ಕೇಳುವ ಹಾಗೆ ಓದಿದೆ.

"ತೊಶಿ, ಮೊಂಡ ನೀನು. ಅಪ್ಪನಿಗಿಂತ ಮೊಂಡ. ನಾನೂ ಏನು ಕಡಿಮೆ ಇಲ್ಲ, ಬರುವ ವಸಂತಕ್ಕೆ ಇನ್ನೊಂದು ಸಲ ಬರುತ್ತೇನೆ. ನೀನು ಮಾತಾಡಬೇಡ. ಪಟ್ಟಿಯನ್ನೂ ಹಿಡಿಯಬೇಡ. ಧಕ್ಕೆಗೆ ಬಂದು ಸುಮ್ಮನೆ ನಿಂತಿರು, ನಾನು ಮೇಲಿನಿಂದ ನೋಡುತ್ತೇನೆ. ಅಷ್ಟು ಮಾಡುತ್ತೀಯಾ?"

ನಾನು ದನಿ ತೆಗೆದು ಅತ್ತೆ. ಪಕ್ಕದ ಮನೆಗೆ ಕೇಳಿಸಿದರೆ ಕೇಳಿಸಲಿ ಎಂದು ಅತ್ತೆ.

ಅವಳ ಹಡಗು ಇನ್ನೂ ಬ್ರೆಜಿಲ್ ಮುಟ್ಟಿಲ್ಲ. ಆದ್ದರಿಂದ ದಿನವೂ ಕಿಟಕಿ ಪಕ್ಕ ಅವಳಿಗೆ ತಟ್ಟೆ ಇಡುತ್ತೇನೆ. ಇವತ್ತು ಮುಚ್ಚಳ ತೆಗೆದಾಗ ಒಳಗೆ ಹನಿ ಕಟ್ಟಿತ್ತು. ಅವಳು ಚೆನ್ನಾಗಿದ್ದಾಳೆ, ತಮ್ಮ ಕೋಪಿಸಿಕೊಂಡು ಬದುಕಿದ್ದಾನೆ ಎಂದುಕೊಂಡೇ ಎಲ್ಲೋ ನೀರಿನ ಮೇಲೆ ಇದ್ದಾಳೆ. ಅವಳು ಮನೆ ತಲುಪಿದಾಗ ಕೈಗೆ ಸಿಗಲೆಂದು ಉತ್ತರ ಬರೆಯಲು ಕೂತೆ.

"ಅಕ್ಕ, ಅದು ಕೋಪ ಅಲ್ಲ. ಹಿಡಿದರೆ ತಾನೇ ಹರಿಯುವುದು, ಹಿಡಿಯದಿದ್ದರೆ ನೀವು ಹೋಗುವುದಿಲ್ಲ ಎಂದುಕೊಂಡು ಅವರು ಪಟ್ಟಿ ಹಿಡಿಯಲಿಲ್ಲ."

ಮುಂದಿನ ಸಾಲು ಇನ್ನೂ ಬರೆದಿಲ್ಲ.