ಪ್ರಬಲ, ಅಪ್ರಬಲ

ಶಾಲೆಯ ಮಕ್ಕಳಿಗೆಲ್ಲ ಅವಳು ಲ್ಯಾಬಕ್ಕ. ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದಿಡುವುದು ಅವಳ ಕೆಲಸ. ತಳಿಶಾಸ್ತ್ರದ ಪಾಠ ಬಂತೆಂದರೆ ಮಕ್ಕಳು ಕಕ್ಕಾಬಿಕ್ಕಿಯಾಗುವುದನ್ನು ನೋಡಲಾರದೆ, ಹಳೆಯ ಪ್ರಶ್ನೆಪತ್ರಿಕೆಗಳ ಬೆನ್ನಿಗೆ ಒಂದೊಂದೇ ಪದದ ಅರ್ಥ ಬರೆಯತೊಡಗಿದಳು. 'ಪ್ರಬಲ ಗುಣ: ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಬಂದರೂ ಸಾಕು, ಎದ್ದು ಕಾಣುತ್ತದೆ. ಅಪ್ರಬಲ ಗುಣ: ಇಬ್ಬರಿಂದಲೂ ಬರುವ ತನಕ ಅಡಗಿ ಕೂತಿರುತ್ತದೆ.' ಏಳು ವರ್ಷದಲ್ಲಿ ಇನ್ನೂರು ಪದಗಳಾದವು.

ಜೀವಶಾಸ್ತ್ರದ ಮೇಷ್ಟ್ರು ಎರಡು ದಿನಕ್ಕೆಂದು ಆ ಹಾಳೆಗಳ ಕಟ್ಟನ್ನು ಒಯ್ದರು. ಮರುವರ್ಷ ಅದು ಪುಸ್ತಕವಾಗಿ ಬಂತು, ಮೇಷ್ಟ್ರ ಹೆಸರಿನಲ್ಲಿ. ಮುನ್ನುಡಿಯಲ್ಲಿ ಹೆಂಡತಿಗೆ, ಮಾವನಿಗೆ, ಮುದ್ರಣದವರಿಗೆಲ್ಲ ಕೃತಜ್ಞತೆ ಇತ್ತು.

"ನನ್ನ ಹೆಸರು ಎಲ್ಲೂ ಇಲ್ಲವಲ್ಲ ಸಾರ್?"

"ನೀನು ಬರೆದಿದ್ದು ಚೀಟಿ ಕಣಮ್ಮ. ಪುಸ್ತಕ ಮಾಡಿದ್ದು ನಾನು. ಹೋಗು, ಬೀಕರ್ ಒಣಗಿದ್ಯಾ ನೋಡು."

ಅವಳು ಹಲ್ಲು ಕಚ್ಚಿಕೊಂಡು ಹೋದಳು. ಎರಡನೆಯ ಮುದ್ರಣದ ಕರಡು ಬಂದಾಗ ಮೇಷ್ಟ್ರು ಅದನ್ನು ಅವಳ ಮೇಜಿನ ಮೇಲೆ ಎಸೆದು, "ಕಾಗುಣಿತದ ತಪ್ಪಿದ್ರೆ ತಿದ್ದಿಡು" ಎಂದರು. ಅವರಾಗಿ ಒಂದು ಪುಟವನ್ನೂ ಓದುವವರಲ್ಲ ಎಂದು ಅವಳಿಗೆ ಗೊತ್ತಿತ್ತು. ಕಾಗುಣಿತವನ್ನೆಲ್ಲ ಅಚ್ಚುಕಟ್ಟಾಗಿ ತಿದ್ದಿದಳು. ಪ್ರಬಲ, ಅಪ್ರಬಲ ಎಂಬ ಎರಡು ಪದಗಳ ಅರ್ಥವನ್ನು ಮಾತ್ರ ಅದಲುಬದಲು ಮಾಡಿದಳು.

ಪುಸ್ತಕ ಅಚ್ಚಾಗಿ ಮಕ್ಕಳ ಕೈ ಸೇರಿತು. ಕೆಲವು ತಿಂಗಳ ನಂತರ ಬೇರೆ ಶಾಲೆಗಳ ಶಿಕ್ಷಕರ ಮುಂದೆ ಮೇಷ್ಟ್ರು ಮಾದರಿ ಪಾಠ ಮಾಡಿದರು. ಪುಸ್ತಕ ಹಿಡಿದು ಓದುತ್ತಿದ್ದಂತೆ ಹಿಂದಿನ ಸಾಲಿನ ಹಿರಿಯ ಶಿಕ್ಷಕಿಯೊಬ್ಬರು ಕೈ ಎತ್ತಿದರು.

"ಇಬ್ಬರಿಂದಲೂ ಬಂದರೆ ಮಾತ್ರ ಕಾಣೋದು ಪ್ರಬಲ ಗುಣಾನಾ? ಸರಿಯಾಗಿ ನೋಡಿ ಹೇಳಿ."

"ನೋಡೋದೇನು ಮೇಡಂ, ನಾನೇ ಬರೆದಿದ್ದು!"

ಸಭೆ ಗೊಳ್ಳೆಂದಿತು. ಮೇಷ್ಟ್ರ ಮುಖ ಹುಳ್ಳಗಾಯಿತು. "ಇವಳು... ಈ ಲ್ಯಾಬಿನವಳು ತಿದ್ದಿದ್ದು!" ಎಂದು ಬಾಗಿಲ ಬಳಿ ನಿಂತಿದ್ದವಳತ್ತ ಬೆರಳು ತೋರಿದರು.

"ಹಾಗಾದ್ರೆ ಪುಸ್ತಕ ಯಾರದು?" ಎಂದು ಆ ಶಿಕ್ಷಕಿ ಕೇಳಿದರು. ಮೇಷ್ಟ್ರು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು. ಲ್ಯಾಬಕ್ಕ ಅವರನ್ನೇ ದಿಟ್ಟಿಸಿ ನೋಡಿದಳು. ಎದೆ ತಣ್ಣಗಾಯಿತು.

ವಾರ ಕಳೆಯುವಷ್ಟರಲ್ಲಿ ಪರೀಕ್ಷೆಯ ಅಂಕಗಳು ಬಂದವು. ಉತ್ತರಪತ್ರಿಕೆ ತಿದ್ದಿದ್ದು ಹೊರಗಿನವರು. ಅದೇ ಶಾಲೆಯ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ತಂಗಿಯ ಮಗಳು ಅಳುತ್ತ ಬಂದಳು.

"ದೊಡ್ಡಮ್ಮಾ, ಪ್ರಬಲ, ಅಪ್ರಬಲದ ಪ್ರಶ್ನೆಗೆ ಪುಸ್ತಕದಲ್ಲಿದ್ದ ಹಾಗೇ ಬರೆದೆ. ಸೊನ್ನೆ ಹಾಕಿದಾರೆ. ಇಡೀ ಕ್ಲಾಸಿಗೇ ಹಾಗೆ."

ಲ್ಯಾಬಕ್ಕ ಬಚ್ಚಿಡಲಿಲ್ಲ, ನಡೆದದ್ದನ್ನು ಹೇಳಿದಳು. ಹುಡುಗಿ ಕಣ್ಣೊರೆಸಿಕೊಂಡು ಕೇಳಿದಳು: "ಅವರ ಮೇಲಿನ ಸಿಟ್ಟಿಗೆ ನಾವೇನು ಮಾಡಿದ್ವಿ?"

ಮರುದಿನ ಲ್ಯಾಬಕ್ಕ ಮುಖ್ಯೋಪಾಧ್ಯಾಯಿನಿಯ ಮುಂದೆ ನಿಂತು ತಪ್ಪೊಪ್ಪಿಕೊಂಡಳು. ಮಕ್ಕಳಿಗೆ ಮರುಪರೀಕ್ಷೆ ಸಿಕ್ಕಿತು, ಪುಸ್ತಕವನ್ನು ಶಾಲೆಯಿಂದ ತೆಗೆದರು, ಅವಳ ಕೆಲಸ ಹೋಯಿತು.

"ಮೇಷ್ಟ್ರ ಹತ್ತಿರಾನೂ ಒಂದು ಕ್ಷಮೆ ಕೇಳಿಬಿಡು" ಎಂದರು ಮುಖ್ಯೋಪಾಧ್ಯಾಯಿನಿ.

"ಮಕ್ಕಳ ಹತ್ತಿರ ಕೇಳ್ತೀನಿ ಮೇಡಂ, ಒಬ್ಬೊಬ್ಬರ ಹತ್ತಿರಾನೂ. ಅವರ ಹತ್ತಿರ ಸತ್ತರೂ ಕೇಳಲ್ಲ" ಎಂದು ಅವಳು ಹತ್ತನೆಯ ತರಗತಿಯ ಕಡೆಗೆ ನಡೆದಳು.